ನಡುವಿನ ಹೆಸರು

ಪುಣೆಯ ಧನಕವಡಿಯ ನಮ್ಮ ಮನೆ ಮೂರನೆಯ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಆರು ಮನೆಗಳಿಗೂ ಸೇರಿದ ಉದ್ದನೆಯ ಗ್ಯಾಲರಿ. ಅಡುಗೆಮನೆಯ ಬಾಗಿಲ ಚೌಕಟ್ಟು ಅಪ್ಪನ ಹಣೆಗಿಂತ ಎರಡು ಬೆರಳು ತಗ್ಗಿತ್ತು. ವರ್ಷಗಟ್ಟಲೆ ಓಡಾಡಿದ ಬಾಗಿಲೇ ಆದರೂ ವಾರಕ್ಕೊಮ್ಮೆಯಾದರೂ ಅವನ ಹಣೆ ಅದಕ್ಕೆ ಬಡಿಯುತ್ತಿತ್ತು. ಆಯಿ, ಎಂದರೆ ನನ್ನ ತಾಯಿಯ ತಾಯಿ, ಒಲೆಯ ಮುಂದಿನಿಂದ ತಿರುಗದೆಯೇ ಹೇಳುತ್ತಿದ್ದಳು:

“ಬಾಗಲಾ ಇನ್ನ ಬೆಳೆಯೂದಿಲ್ಲ ಅಳಿಯಂದ್ರ. ನೀವ ಬಗ್ಗಬೇಕು.”

“ನಾ ಬಗ್ಗಿದ್ನಿರಿ ಅವ್ವಾರ. ಅದೂ ನನ್ನ ಕೂಡ ಬಗ್ಗಿತು.”

ಅಪ್ಪ ಈ ಉತ್ತರವನ್ನು ನಗದೆ ಹೇಳುತ್ತಿದ್ದ. ಅವನು ತಾಂಜಾನಿಯಾದವನು, ಹೆಸರು ಬಹಾತಿ ಮಸಾಂಜ. ಔಷಧಶಾಸ್ತ್ರ ಓದಲು ಪುಣೆಗೆ ಬಂದು, ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿದ್ದ ಅವ್ವನನ್ನು ಮದುವೆಯಾಗಿ, ಚಾಕಣದ ಕಾರ್ಖಾನೆಯೊಂದರ ರಫ್ತು ವಿಭಾಗದಲ್ಲಿ ಕೆಲಸಕ್ಕೆ ನಿಂತವನು. ಕನ್ನಡವನ್ನು ಆಯಿಯಿಂದಲೇ ಕಲಿತದ್ದರಿಂದ ಅವನ ಬಾಯಲ್ಲಿ ಧಾರವಾಡದ ವಯಸ್ಸಾದ ಹೆಂಗಸಿನ ಮಾತು ಬರುತ್ತಿತ್ತು. ಕಂಪನಿಯ ಬಸ್ಸಿನಿಂದ ಇಳಿದು, ಮೂರು ಮಹಡಿ ಹತ್ತಿ ಬಂದು ಕುರ್ಚಿಯಲ್ಲಿ ಕೂತಾಗ ಆಯಿಯಂತೆಯೇ ಮೊಣಕಾಲು ಒತ್ತಿಕೊಳ್ಳುತ್ತಾ ಶಿವನನ್ನು ಕರೆಯುತ್ತಿದ್ದ. ಮರಾಠಿಯೂ ಬರುತ್ತಿತ್ತು, ಹಿಂದಿಯೂ ಬರುತ್ತಿತ್ತು. ಆದರೆ ಹೊರಗೆ ಅವನೊಂದಿಗೆ ಯಾವ ಭಾಷೆಯಲ್ಲೂ ಮಾತಾಡದೆ ಜನ ಕೈಸನ್ನೆ ಮಾಡುತ್ತಿದ್ದರು. ತರಕಾರಿಯವಳು ಬೆರಳು ಎಣಿಸಿ ಬೆಲೆ ತೋರಿಸುವಳು. ಅವನು ಮರಾಠಿಯಲ್ಲಿ ಚೌಕಾಸಿಗೆ ಇಳಿದರೆ ಪಕ್ಕದವಳನ್ನು ಕರೆದು, ಇವನ ಮಾತು ಕೇಳು ಎಂದು ನಗುವಳು.

ಬಾಗಿಲ ಮೇಲಿನ ಪಾಟಿಯಲ್ಲಿದ್ದದ್ದು ಅಪ್ಪನ ಹೆಸರಲ್ಲ, ಅಜ್ಜನದು: ಶಿವಪ್ಪ ಹೊಸಮನಿ. ಮದುವೆಯ ಸುದ್ದಿ ಕೇಳಿದ ದಿನ ಅವ್ವನಿಗೆ ಬಾಗಿಲು ಮುಚ್ಚಿದ ಅಜ್ಜ, ಬದುಕಿರುವವರೆಗೂ ಅದನ್ನು ತೆರೆಯಲಿಲ್ಲ. ನಾನು ಹುಟ್ಟಿದೆನೆಂದು ತಿಳಿದಾಗ, ಬಣ್ಣ ಯಾರದು ಬಂದಿದೆ ಎಂದಷ್ಟೇ ಕೇಳಿದನಂತೆ. ಅವನು ತೀರಿಕೊಂಡು ಎರಡು ವಾರವಾದ ಮೇಲೆ ಆಯಿ ಒಬ್ಬಳೇ ರಿಕ್ಷಾ ಮಾಡಿಕೊಂಡು ವಿಮಾನ ನಗರದ ಹಿಂದೆ ನಾವಿದ್ದ ಬಾಡಿಗೆ ಕೋಣೆಗೆ ಬಂದಳು. ನನಗಾಗ ಒಂದು ವರ್ಷ. ಅಳಿಯನಿಗೆ ಅವಳು ಆಡಿದ ಮೊದಲ ಮಾತು, ಸಾಮಾನು ಕಟ್ಟಿಕೊಳ್ಳಿ ಎಂಬುದು. ಪಾಟಿ ಬದಲಿಸುವ ಮಾತು ಮುಂದೆ ಒಂದೆರಡು ಸಲ ಬಂದರೂ ಅಪ್ಪನೇ ಬೇಡವೆಂದ. ಮನೆ ಅವರದು, ಹೆಸರೂ ಇರಲಿ ಎಂದ. ಹಬ್ಬ ಬಂದಾಗ ಸ್ಟೂಲಿಲ್ಲದೆ ಕೈಯೆತ್ತಿ ಆ ಪಾಟಿಯನ್ನು ಒರೆಸುತ್ತಿದ್ದವನೂ ಅವನೇ.

ರವಿವಾರ ಅಡುಗೆಮನೆ ಅಪ್ಪನದಾಗುತ್ತಿತ್ತು. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು, ಕಟ್ಟಿಗೆಯ ಹುಟ್ಟಿನಿಂದ ತೋಳು ನೋಯುವಷ್ಟು ತಿರುವಿ ಉಗಾಲಿ ಮಾಡುತ್ತಿದ್ದ. ಆಯಿಯ ಪ್ರಕಾರ ಅದು ನಮ್ಮ ಜೋಳದ ಸಂಗಟಿಯೇ, ಹಿಟ್ಟು ಮಾತ್ರ ತಪ್ಪು. ಪ್ರತಿ ರವಿವಾರವೂ ಅವರಿಬ್ಬರೂ ಹಿಟ್ಟಿನ ಬಗ್ಗೆ ವಾದಿಸುತ್ತಿದ್ದರು, ಪ್ರತಿ ರವಿವಾರವೂ ಆಯಿ ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದಳು. ಊಟವಾದ ಮೇಲೆ ಗ್ಯಾಲರಿಯಲ್ಲಿ ನನ್ನ ತಲೆ ಬಾಚುವ ಕೆಲಸ. ವಾರದ ಉಳಿದ ದಿನಗಳಲ್ಲಿ ಆಯಿ ಬಟ್ಟಲು ಎಣ್ಣೆ ಸುರಿದು, ನನ್ನ ಗುಂಗುರು ಕೂದಲನ್ನು ಎರಡು ಜಡೆಗೆ ಎಳೆದು ತರಲು ಹೆಣಗಾಡುವಳು. ಅವ್ವ, ಮಗುವಿನ ನೆತ್ತಿ ಕಿತ್ತು ಬರುತ್ತದೆ ಎಂದು ಅವಳೊಂದಿಗೆ ಜಗಳ ತೆಗೆಯುವಳು. ಅಪ್ಪ ಮಾತ್ರ ಬೈತಲೆಗಳನ್ನು ಗೆರೆ ಕೊರೆದಂತೆ ತೆಗೆದು, ನೆತ್ತಿಗೆ ಅಂಟಿದ ಸಣ್ಣ ಸಣ್ಣ ಜಡೆಗಳನ್ನು ಸಾಲಾಗಿ ಹೆಣೆಯುತ್ತಿದ್ದ. ಅವನ ತಂಗಿಯರಿಗೆ ಹೆಣೆದು ಕಲಿತದ್ದಂತೆ. ನೆರೆಯವರು ಅಕ್ಕಿ ಆರಿಸುವ ನೆಪದಲ್ಲಿ ಬಂದು ನೋಡುತ್ತಿದ್ದರು. ನಾನು ಅವನ ಎರಡು ಮೊಣಕಾಲುಗಳ ನಡುವೆ ಅಲುಗದೆ ಕೂತಿರುತ್ತಿದ್ದೆ. ಅಷ್ಟು ಹಿತವಾದ ಜಾಗ ನನಗೆ ಮತ್ತೆ ಸಿಕ್ಕಿಲ್ಲ. ಸೋಮವಾರ ಶಾಲೆಯಲ್ಲಿ ಶಿಕ್ಷಕಿಯವರು ಆ ಜಡೆಗಳನ್ನು ಬಿಚ್ಚಿಸುತ್ತಿದ್ದರು; ಇದು ಶಾಲೆ, ಕಾಡಲ್ಲ ಎನ್ನುತ್ತಿದ್ದರು. ಮನೆಯಲ್ಲಿ ನಾನು ಅದನ್ನು ಹೇಳುತ್ತಿರಲಿಲ್ಲ. ತಲೆ ತುರಿಸಿತು, ನಾನೇ ಬಿಚ್ಚಿದೆ ಎನ್ನುತ್ತಿದ್ದೆ.

ನನ್ನಲ್ಲಿ ಯಾವುದು ಯಾರ ಕಡೆಯದು ಎಂಬುದನ್ನು ಶಾಲೆ ಬಹಳ ಬೇಗ ತೀರ್ಮಾನಿಸಿತ್ತು. ಐದನೆಯ ತರಗತಿಯಲ್ಲಿ ಆಟದ ಶಿಕ್ಷಕರು ನನ್ನನ್ನು ಕೇಳದೆಯೇ ಓಟದ ಪಟ್ಟಿಗೆ ಸೇರಿಸಿದರು. ನಾನು ಎಲ್ಲರಿಗಿಂತ ಹಿಂದೆ ಬಂದೆ. ಕಾಲಿಗೆ ಏನಾಗಿದೆ ಎಂದು ಅವರು ನಿಜವಾದ ಕಳವಳದಿಂದ ವಿಚಾರಿಸಿದರು. ಗಣಿತದಲ್ಲಿ ಹೆಚ್ಚು ಅಂಕ ಬಂದಾಗ ತಾಯಿ ಧಾರವಾಡದವಳು, ಅಲ್ಲಿಯ ಜನ ವಿದ್ಯಾವಂತರು ಎಂದರು. ಡಬ್ಬಿ ಕಸಿದ ಹುಡುಗಿಯ ಕೈಗೆ ನಾನು ಕಚ್ಚಿದಾಗ ಅವರಲ್ಲಿ ಹಾಗೆಯೇ ಎಂದರು. ಪುಣೆಯ ಕನ್ನಡಿಗರ ಊಟಗಳಲ್ಲಿಯೂ ಇದೇ ನಡೆಯುತ್ತಿತ್ತು. ಪಂಕ್ತಿಯಲ್ಲಿ ನಮ್ಮ ಪಕ್ಕದ ಒಂದೆರಡು ಎಲೆಗಳು ಕೊನೆಯವರೆಗೂ ಖಾಲಿ ಇರುತ್ತಿದ್ದವು. ಹಾಡಿನ ಸ್ಪರ್ಧೆಯಲ್ಲಿ ನನಗೆ ಬಹುಮಾನ ಬಂದ ವರ್ಷ ಮಾತ್ರ ತುಂಬಿದ್ದವು. ಈಗ ನನ್ನ ಸಂಶೋಧನೆಯ ಬಗ್ಗೆ ಯಾರಾದರೂ ನಾಲ್ಕು ಸಾಲು ಬರೆದರೆ ನಾನು ಒಂದು ಕಡೆ ಹೆಮ್ಮೆಯ ಕನ್ನಡತಿ, ಇನ್ನೊಂದು ಕಡೆ ಪುಣೆಯ ಮಗಳು, ಹೊರದೇಶದ ಸಭೆಗಳಲ್ಲಿ ಆಫ್ರಿಕನ್ ಮೂಲದ ವಿಜ್ಞಾನಿ. ಗೆಳತಿಯರು ನನಗಾಗಿ ಸಿಟ್ಟಾಗುತ್ತಾರೆ. ನನಗೆ ಅವರಂತೆ ಸಿಟ್ಟಾಗಲು ಬರುವುದಿಲ್ಲ. ಬೇರೆಯವರು ಮಾಡಲಿ ಎಂದು ಕಾಯದೆ ಆ ಕೆಲಸವನ್ನು ನಾನೇ ಒಮ್ಮೆ, ನನ್ನ ಕೈಬರಹದಲ್ಲಿ, ಮಾಡಿದ್ದೇನೆ.

ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ನಮ್ಮ ಭಾಗದ ಶಾಲೆಗಳಲ್ಲೆಲ್ಲ ನನ್ನವೇ ಹೆಚ್ಚು ಅಂಕಗಳು. ಸಂಜೆಯೊಳಗೆ ಗ್ಯಾಲರಿ ತುಂಬಿತು. ನನ್ನ ಮುಟ್ಟಿದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದ ಕೊನೆಮನೆಯ ಕಾಕೂ ಪೇಡೆ ತಂದು ನನ್ನ ಬಾಯಿಗಿಟ್ಟಳು. ಕನ್ನಡ ಬಳಗದ ಹಿರಿಯರೊಬ್ಬರು ಅವ್ವನಿಗೆ ಫೋನು ಮಾಡಿ, ನಮ್ಮ ಧಾರವಾಡದ ಹೆಸರು ಉಳಿಯಿತು ಎಂದರು. ಮರುದಿನ ಮಧ್ಯಾಹ್ನ ಗಣಪತಿ ಮಂಡಳದ ಕಾರ್ಯಕರ್ತ ವಿಕಿದಾದಾ ಬಂದ. ಅವನು ಆಚೆ ಓಣಿಯವನು, ನಮ್ಮನ್ನು ಬಲ್ಲವನಲ್ಲ. ಅಂಕ ಪಡೆದ ಮಕ್ಕಳ ಫೋಟೋ ಹಾಕಿ ಬಸ್‌ಸ್ಟಾಪಿನ ಬಳಿ ಫ್ಲೆಕ್ಸ್ ಕಟ್ಟಿಸುವುದು, ತಿಂಗಳ ಕೊನೆಗೆ ಶಾಲು, ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡುವುದು ಮಂಡಳದ ಪದ್ಧತಿ. ಅಪ್ಪ, ಅವ್ವ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಆಯಿ ಅವನಿಗೆ ಚಹಾ ಮಾಡಿ ಕೊಟ್ಟಳು. ಫೋನಿನಲ್ಲಿ ಯಾರಿಗೋ ಅವನು ಹೇಳುತ್ತಿದ್ದ, ಆಪ್ಲೀಚ್ ಮುಲ್ಗೀ ಆಹೆ, ನಮ್ಮ ಹುಡುಗಿಯೇ ಎಂದು. ಆಮೇಲೆ ನನ್ನತ್ತ ಕಾಗದ, ಪೆನ್ನು ಚಾಚಿ, ಫ್ಲೆಕ್ಸ್ ಅಂಗಡಿಯವರು ಹೆಸರು ಕೆಡಿಸುತ್ತಾರೆ, ಪೂರ್ತಿ ಹೆಸರು ನೀನೇ ಬಿಡಿಸಿ ಬರೆ ಎಂದ.

ಮಹಾರಾಷ್ಟ್ರದಲ್ಲಿ ಪೂರ್ತಿ ಹೆಸರೆಂದರೆ ಮೊದಲು ತನ್ನದು, ನಡುವೆ ತಂದೆಯದು, ಕೊನೆಗೆ ಮನೆತನದ್ದು. ಶಾಲೆಯ ದಾಖಲೆಯಲ್ಲಿ ನಾನು ಗಿರಿಜಾ ಬಹಾತಿ ಮಸಾಂಜ. ಹತ್ತು ವರ್ಷ ಹಾಜರಿ ಕರೆಯುವಾಗ ಆ ಎರಡು ಪದಗಳ ಬಳಿ ಶಿಕ್ಷಕರ ಧ್ವನಿ ಎಡವಿ, ತರಗತಿ ನಗುವುದನ್ನು ಕೇಳಿದ್ದೆ. ಗಿರಿಜಾ ಎಂದು ಬರೆದೆ. ವಿಕಿದಾದಾ ಚಹಾ ಊದುತ್ತಾ ಗ್ಯಾಲರಿಯ ಹೊರಗೆ ನೋಡುತ್ತಿದ್ದ. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ಏನೂ ಸೂಚಿಸಲಿಲ್ಲ. ಮೊದಲ ಬಾರಿಗೆ ನಾನು ‘ನಮ್ಮ ಹುಡುಗಿ’ ಆಗಿದ್ದೆ, ಇನ್ನು ಕೆಲವು ದಿನ ಹಾಗೆ ಇರಬೇಕೆನಿಸಿತು. ಶಿವಪ್ಪ ಹೊಸಮನಿ ಎಂದು ಬರೆದು ಕಾಗದ ಕೊಟ್ಟೆ. ಅವನು ಮಡಚಿ ಜೇಬಿಗಿಟ್ಟು ಹೋದ. ಆಯಿಗೆ ದೇವನಾಗರಿ ಓದಲು ಬರುತ್ತಿರಲಿಲ್ಲ.

“ಏನ ಬರಿಸ್ಕೊಂಡ ಹೋದಾ?”

“ನನ್ನ ಹೆಸರು.”

“ಚಂದಾಗಿ ಬರದಿಯಿಲ್ಲ?”

“ಬರದೇನಿ.”

ನಾಲ್ಕನೆಯ ದಿನ ಫ್ಲೆಕ್ಸ್ ಏರಿತು. ಮೇಲೆ ಮುಖಂಡರ ದೊಡ್ಡ ಮುಖ, ಕೆಳಗೆ ನಾವು ಏಳು ಮಕ್ಕಳು. ಅಂಗಡಿಯವನು ನನ್ನ ಮುಖಕ್ಕೆ ಗೋಧಿಯ ಬಣ್ಣ ಬಳಿದು, ಕೂದಲ ಅಂಚನ್ನು ನುಣ್ಣಗೆ ಕತ್ತರಿಸಿದ್ದ. ಅಪ್ಪನ ಕಂಪನಿಯ ಬಸ್ಸು ನಿಲ್ಲುವುದು ಅದರ ಎದುರಿಗೇ. ಅಂದು ಅವನು ಮನೆಗೆ ಬಂದಾಗ ಅವ್ವ ಆಗಲೇ ಅದನ್ನು ನೋಡಿ ಬಂದು ಕುದಿಯುತ್ತಿದ್ದಳು; ಆಯಿ ಗುಡಿಗೆ ಹೋಗಿದ್ದಳು. ನನ್ನನ್ನು ಕೇಳಿದ್ದಳು, ಅವರೇ ಬರೆದುಕೊಂಡಿರಬೇಕು ಎಂದಿದ್ದೆ. ಬಾಗಿಲ ಪಾಟಿ ನೋಡಿ ಬರೆದುಕೊಂಡು ಹೋಗಿದ್ದಾರೆ, ಒಳಗೆ ಬಂದು ಕೇಳುವಷ್ಟು ಪುರಸೊತ್ತಿಲ್ಲ ಎಂದು ಅವಳು ಅಪ್ಪನೆದುರು ಒಂದಿಷ್ಟು ಕೂಗಾಡಿದಳು. ಆಮೇಲೆ ತಟ್ಟೆ ಹಾಕುತ್ತಾ ಸಮಾಧಾನ ಮಾಡಿದಳು:

“ಹೋಗ್ಲಿ ಬಿಡ್ರಿ. ಗಾಳಿಗೆ ಹರದು ಹೋಗೂ ಅರಿವಿ. ನಾಕ ದಿನದ ಮಾತು.”

“ಹೌದು,” ಎಂದ ಅಪ್ಪ.

ಮರುದಿನದಿಂದ ಅವನು ಮನೆಗೆ ಬರುವುದು ಇಪ್ಪತ್ತು ನಿಮಿಷ ತಡವಾಯಿತು. ಟ್ರಾಫಿಕ್ ಎನ್ನುತ್ತಿದ್ದ. ಒಂದು ಸಂಜೆ ಕ್ಲಾಸಿನಿಂದ ಬರುವಾಗ ಅವನು ಕಾತ್ರಜದ ಕಡೆಯಿಂದ ಒಬ್ಬನೇ ನಡೆದು ಬರುವುದನ್ನು ನಾನು ಕಂಡೆ. ಎರಡು ಸ್ಟಾಪು ಮೊದಲೇ ಇಳಿದು, ಹಿಂದಿನ ಓಣಿಗಳಲ್ಲಿ ಸುತ್ತಿ, ಫ್ಲೆಕ್ಸ್ ಇಲ್ಲದ ದಾರಿಯಿಂದ ಮನೆಗೆ ಬರುತ್ತಿದ್ದ. ಮನೆಯೊಳಗೂ ಏನೋ ನಿಂತುಹೋಗಿತ್ತು. ರವಿವಾರದ ಅಡುಗೆ ನಿಂತಿತು. ಮೈ ಬೆಚ್ಚಗಿದೆ ಎಂದ. ಆಯಿಯೊಂದಿಗೆ, ನನ್ನೊಂದಿಗೆ ಎಂದಿನಂತೆ ಮಾತಾಡುತ್ತಿದ್ದ. ಅವ್ವ ಕೇಳಿದ್ದಕ್ಕೆ ಮಾತ್ರ ಒಂದೊಂದೇ ಪದ. ಅವಳು ಕಾರ್ಖಾನೆಯಲ್ಲಿ ಏನಾದರೂ ಆಯಿತೇ ಎಂದು ಕೇಳಿದಳು, ಊರಿನಿಂದ ಕೆಟ್ಟ ಸುದ್ದಿಯೇ ಎಂದು ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಕಂಪನಿ ತನ್ನನ್ನು ಮೂರು ವರ್ಷಕ್ಕೆ ತಾಂಜಾನಿಯಾದ ದಾರ್ ಎಸ್ ಸಲಾಮಿನ ಕಚೇರಿಗೆ ಕರೆಯುತ್ತಿದೆ ಎಂಬುದನ್ನು ಅವನು ಹೇಳಿದ್ದು ಆಯಿಗೆ. ಅವ್ವನಿಗೆ ಅದು ಆಯಿಯಿಂದ ತಿಳಿಯಿತು. ಆ ದಿನ ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇದ್ದಳು. ಇದೆಲ್ಲ ಆ ಕಾಗದದಿಂದ ಬಂದದ್ದೆಂದು ನನಗೆ ಗೊತ್ತಿತ್ತು. ಆದರೆ ಅಪ್ಪನಿಗೆ ಅವಮಾನವಾಗಿದ್ದರೆ ಅವನು ಅವ್ವನ ಮೇಲೇಕೆ ಮುನಿಸಿಕೊಳ್ಳಬೇಕು ಎಂಬುದು ಅರ್ಥವಾಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಇಂದು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅಪ್ಪ ಬೂಟಿನ ಲೇಸು ಕಟ್ಟುವವರೆಗೂ ಅವನ ಪಕ್ಕ ನಿಂತಿರುತ್ತಿದ್ದೆ. ಏನು ಬೇಕವ್ವಾ ಎಂದು ಅವನು ಕೇಳಿದರೆ ಏನಿಲ್ಲ ಎನ್ನುತ್ತಿದ್ದೆ.

ಸತ್ಕಾರ ಒಂದು ಮಂಗಲ ಕಾರ್ಯಾಲಯದಲ್ಲಿ, ರವಿವಾರ ಬೆಳಿಗ್ಗೆ. ಅಪ್ಪನಿಗೆ ಬರುವ ಮನಸ್ಸಿರಲಿಲ್ಲ. ನೀವು ಬರದಿದ್ದರೆ ನಾನೂ ಹೊಸ್ತಿಲು ದಾಟುವುದಿಲ್ಲ ಎಂದು ಆಯಿ ಹಟ ಹಿಡಿದದ್ದಕ್ಕೆ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡು ಹೊರಟ. ಆಯಿಯನ್ನು ಮುಂದಿನ ಸಾಲಿನ ಹೆಂಗಸರ ನಡುವೆ ಕೂರಿಸಿದರು. ಅಪ್ಪ, ಅವ್ವ ಐದಾರು ಸಾಲು ಹಿಂದೆ, ಅಂಚಿನ ಎರಡು ಕುರ್ಚಿಗಳಲ್ಲಿ. ನಾವು ಮಕ್ಕಳು ವೇದಿಕೆಯ ಮೇಲೆ. ಒಬ್ಬೊಬ್ಬರ ಹೆಸರು ಕರೆದಂತೆ ಅವರ ತಂದೆಯೂ ಮೇಲೆ ಬರಬೇಕು. ಮಗುವಿಗೆ ಶಾಲು, ತಂದೆಗೆ ತೆಂಗಿನಕಾಯಿ. ನನ್ನ ಸರದಿ ಬಂತು. ನಿರೂಪಕರು ಫ್ಲೆಕ್ಸಿನಲ್ಲಿದ್ದಂತೆಯೇ ನನ್ನ ಪೂರ್ತಿ ಹೆಸರು ಓದಿ, ಶ್ರೀ ಶಿವಪ್ಪ ಹೊಸಮನಿಯವರು ವೇದಿಕೆಗೆ ಬರಬೇಕೆಂದು ಕರೆದರು. ಯಾರೂ ಏಳಲಿಲ್ಲ. ಎರಡನೆಯ ಸಲ ಕರೆದರು. ಸಭೆ ಹಿಂದಕ್ಕೆ ತಿರುಗಿ ಹುಡುಕತೊಡಗಿತು. ಅಪ್ಪನ ಮುಖವನ್ನು ದಾಟಿ ಹುಡುಕಿತು. ಮೈಕು ನನ್ನಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಮೈಕು ಕೂಡ ಬೇಕಿರಲಿಲ್ಲ, ಬೆರಳೆತ್ತಿ ತೋರಿಸಿದ್ದರೆ ಸಾಕಿತ್ತು.

ಆಗ ಆಯಿ ಎದ್ದಳು. ಮರಾಠಿ ಭಾಷಣ ಅವಳಿಗೆ ತಲೆಗೆ ಹತ್ತಿರಲಿಲ್ಲ. ಇಡೀ ಬದುಕಿನಲ್ಲಿ ತಾನು ಬಾಯಲ್ಲಿ ಆಡದ ಗಂಡನ ಹೆಸರನ್ನು ಯಾರೋ ಎರಡು ಸಲ ಕೂಗಿದ್ದಷ್ಟೇ ಅವಳಿಗೆ ತಿಳಿದದ್ದು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕರೆಯುವವರಿಗೆ ಸುದ್ದಿ ಮುಟ್ಟಿಲ್ಲವೇನೋ ಎಂಬಂತೆ ಹೇಳಿದಳು:

“ಅವರು ಹೋಗಿ ಹದಿನಾಕ ವರ್ಷ ಆತ್ರಿ.”

ಪಕ್ಕದ ಹೆಂಗಸಿಗೆ ಕನ್ನಡ ಬರುತ್ತಿತ್ತು. ಹುಡುಗಿಯ ತಂದೆ ತೀರಿಕೊಂಡು ಹದಿನಾಲ್ಕು ವರ್ಷವಾಯಿತಂತೆ ಎಂದು ಅವಳು ಮರಾಠಿಯಲ್ಲಿ ಮೇಲಕ್ಕೆ ಮುಟ್ಟಿಸಿದಳು. ನಿರೂಪಕರು ಒಂದು ಕ್ಷಣ ತಲೆ ತಗ್ಗಿಸಿದರು. ಆಮೇಲೆ ಧ್ವನಿ ಇಳಿಸಿ ಶುರು ಮಾಡಿದರು. ಒಂದು ವರ್ಷದ ಮಗು, ತಂದೆಯ ನೆರಳಿಲ್ಲ, ತಾಯಿ, ಅಜ್ಜಿ ಹಗಲಿರುಳು ದುಡಿದು ಓದಿಸಿದರು, ನಮ್ಮ ಮಣ್ಣಿನ ಹೆಣ್ಣುಮಕ್ಕಳು ಹೀಗಿರುತ್ತಾರೆ ಎಂದರು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಅಂದು ಬೇರೆ ಯಾವ ಮಗುವಿಗೂ ಅಷ್ಟು ಚಪ್ಪಾಳೆ ಬರಲಿಲ್ಲ. ಆಯಿಯ ಕೈಹಿಡಿದು ಮೇಲೆ ಹತ್ತಿಸಿ ತೆಂಗಿನಕಾಯಿ ಕೊಟ್ಟರು. ಅವಳು ಏನೂ ತಿಳಿಯದೆ ಸಂತೋಷದಿಂದ ಎಲ್ಲರಿಗೂ ಕೈಮುಗಿದಳು. ನಾನು ಶಾಲು ಹೊದ್ದು ಹಿಂದಿನ ಸಾಲು ನೋಡಿದೆ. ಅವ್ವ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದಳು. ಅವಳ ಪಕ್ಕದಲ್ಲಿ ಅಪ್ಪ ಬೆನ್ನು ನೆಟ್ಟಗೆ ಮಾಡಿ, ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದ.

ರಿಕ್ಷಾದಲ್ಲಿ ನಾವು ಮೂವರೇ ಬಂದೆವು. ಅಪ್ಪ ನಡೆದು ಬಂದ. ಅವನು ಒಳಗೆ ಬರುವುದರೊಳಗೆ ಅವ್ವ ಸೀರೆ ಬದಲಿಸದೆ ಮತ್ತೆ ಚಪ್ಪಲಿ ಹುಡುಕುತ್ತಿದ್ದಳು. ಮಂಡಳದವರ ಹತ್ತಿರ ಹೋಗುತ್ತೇನೆ, ಬದುಕಿರುವ ಮನುಷ್ಯನನ್ನು ಸಭೆಯಲ್ಲಿ ಸಾಯಿಸುತ್ತಾರೆ, ಪಾಟಿ ನೋಡಿ ಹೆಸರು ಬರೆದುಕೊಳ್ಳಲು ಇವರಿಗೆ ಯಾರು ಹೇಳಿದರು ಎಂದು ಅವಳ ಧ್ವನಿ ಏರುತ್ತಿತ್ತು. ಆಯಿ ಈಗಷ್ಟೇ ವಿಷಯ ತಿಳಿದು, ತೆಂಗಿನಕಾಯಿಯನ್ನು ಕೆಳಗಿಡಲೂ ಆಗದೆ ಗೋಡೆಗೆ ಒರಗಿ ನಿಂತಿದ್ದಳು. ತಪ್ಪೆಲ್ಲ ತನ್ನದೆಂದು ಅವಳು ಅಳತೊಡಗಿದಾಗ ನನಗೆ ತಡೆಯಲಾಗಲಿಲ್ಲ.

“ಅವರು ಬರಕೊಂಡಿಲ್ಲ. ನಾ ಬರದು ಕೊಟ್ಟೇನಿ.”

ಅವ್ವ ನನ್ನ ಮೇಲೆ ಕೈಯೆತ್ತುತ್ತಾಳೆಂದು ಕಾದೆ. ಅವಳು ಎತ್ತಲಿಲ್ಲ, ಅಪ್ಪನನ್ನು ನೋಡುತ್ತಿದ್ದಳು. ಅಪ್ಪ ಕುರ್ಚಿಯಲ್ಲಿ ಕೂತು ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ. ಫ್ಲೆಕ್ಸ್ ಕಂಡ ಮರುದಿನವೇ ತಾನು ಮಂಡಳದ ಕಟ್ಟೆಗೆ ಹೋಗಿದ್ದೆನೆಂದು ಅವಳಿಗೆ ಹೇಳಿದ. ಯಾರು, ಏನು ಎಂದು ಹೇಳಿಕೊಳ್ಳದೆ, ಆ ಹುಡುಗಿಯ ಹೆಸರು ಕೊಟ್ಟವರು ಯಾರೆಂದು ಕೇಳಿದ್ದ. ವಿಕಿದಾದಾ, ಮನೆಯಿಂದಲೇ ಬರೆದು ಕೊಟ್ಟಿದ್ದಾರೆ ಎಂದಿದ್ದ.

“ನಾ, ಬರದಾಕಿ ನೀನ ಅಂದ್ಕೊಂಡಿದ್ದೆ,” ಎಂದ ಅಪ್ಪ.

ಅವ್ವ ಚಪ್ಪಲಿ ಕೆಳಗೆ ಬಿಟ್ಟಳು. ಅವಳು ಕೇಳಿದ್ದು ಬೇರೆಯೇ:

“ಮತ್ತ ಅಲ್ಲಿ ಚಪ್ಪಾಳಿ ಯಾಕ ತಟ್ಟಿದ್ರಿ?”

“ನಂಬರ್ ಬಂದಾಕಿ ನನ್ನ ಮಗಳಲ್ಲೇನು? ಸತ್ತಾನಂದ್ರ ತಟ್ಟಬಾರದೇನು?”

“ಒಂದ ತಿಂಗಳಾತು. ನನಗ ಒಂದ ಮಾತ ಕೇಳಬೇಕಿತ್ತು.”

“ಕೇಳಿ, ನೀ ಹೌದು ಅಂದಿದ್ರ ನಾ ಎಲ್ಲಿಗಿ ಹೋಗ್ಲಿ?”

ಹದಿನಾರು ವರ್ಷ ತನ್ನವರನ್ನೆಲ್ಲ ಎದುರು ಹಾಕಿಕೊಂಡು ಆ ಹೆಸರಿನ ಜೊತೆ ಬದುಕಿದ ತಾನು ಹೌದು ಎನ್ನಬಹುದಿತ್ತೆಂದು ಅವನಿಗೆ ಒಂದು ದಿನವಾದರೂ ಅನಿಸಿತ್ತಲ್ಲ ಎಂಬುದು ಅವ್ವನ ಮುಖದಲ್ಲಿತ್ತು. ಅವಳು ಒಳಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಅಪ್ಪ ಆ ಬಾಗಿಲನ್ನು ನೋಡುತ್ತಾ ಕೂತ. ಇಬ್ಬರೂ ನನಗೆ ಒಂದು ಮಾತು ಬೈಯಲಿಲ್ಲ, ಏಕೆ ಬರೆದೆ ಎಂದು ಕೇಳಲಿಲ್ಲ. ಕೇಳಲಿ ಎಂದು ನಾನು ಊಟದ ಹೊತ್ತಿನವರೆಗೂ ಶಾಲು ಹೊದ್ದುಕೊಂಡೇ ನಿಂತಿದ್ದೆ. ಮಳೆಗಾಲ ಮುಗಿಯುವ ಮೊದಲು ಅಪ್ಪ ದಾರ್ ಎಸ್ ಸಲಾಮಿಗೆ ಹೋದ. ಕಂಪನಿ ಕೇಳಿದ್ದು ಮೂರು ವರ್ಷ. ಅವನು ಇದ್ದದ್ದು ಆರು.